ಕ್ಯಾಲಿಪರಿನ ತಿರುಪು

“ಈ ತಿರುಪು ತೆಗೆದುಬಿಡಮ್ಮ, ಅನುದಾನ ನಿನ್ನದೇ,” ಎಂದು ಸಮಿತಿಯ ಅಧ್ಯಕ್ಷರು ಸ್ಕ್ರೂಡ್ರೈವರನ್ನು ಸಂಶೋಧನಾ ವಿದ್ಯಾರ್ಥಿನಿಯತ್ತ ತಳ್ಳಿದರು. ಮೇಜಿನ ಮೇಲೆ ಅವಳೇ ಮಾಡಿದ ಕ್ಯಾಲಿಪರ್ ಇತ್ತು. ನಡೆಯಲಾರದ ಮಗುವಿನ ಕಾಲಿಗೆ ಕಟ್ಟುವಂಥದ್ದು; ಮಗು ಬೆಳೆದಂತೆ ತಿರುಪು ತಿರುಗಿಸಿದರೆ ಉದ್ದವಾಗುವಂಥದ್ದು. “ಒಂದನ್ನೇ ಐದು ವರ್ಷ ಓಡಿಸಿದ್ರೆ ತಯಾರಿಸೋ ಕಂಪನಿ ಮಣ್ಣು ತಿನ್ಬೇಕಾ? ವರ್ಷಕ್ಕೊಂದು ಮಾರಾಟ ಆಗ್ಬೇಕು,” ಎಂದರು ಅಧ್ಯಕ್ಷರು.

“ಹೂಂ ಅಂದ್ಬಿಡೇ,” ಎಂದು ಪಕ್ಕದಲ್ಲಿದ್ದ ಗೈಡ್ ಮೇಡಂ ಪಿಸುಗುಟ್ಟಿದರು. ನಾಲ್ಕು ಜನರೆದುರು ಬಾಯಿ ಬಿಡಲು ಬೆವರುವ ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡಳು. ಅಧ್ಯಕ್ಷರು ಮುಗುಳ್ನಕ್ಕರು.

ತಿರುಪನ್ನು ತಿರುಗಿಸುತ್ತಾ ಹೋದಳು. ಅದು ಹೊರಗೆ ಬರಲಿಲ್ಲ. ಕ್ಯಾಲಿಪರ್ ಎಲ್ಲರ ಕಣ್ಣೆದುರೇ ಬೆರಳಗಲ ಬೆಳೆದು ಅಧ್ಯಕ್ಷರ ಚಹಾ ಕಪ್ಪನ್ನು ಅತ್ತ ಸರಿಸಿತು.

“ಮುಂದಿನ ವರ್ಷದ ಕಾಲು ಸರ್ ಇದು,” ಎಂದಳು. “ನೀವು ದುಡ್ಡು ಕೊಡಿ, ಬಿಡಿ, ಇದು ಬೆಳೆಯೋದೇ.”