ಡ್ರೋನಿನ ಸದ್ದಳತೆ

“ಡ್ರೋನೂ ವಿಮಾನನ ನೋಡ್ರಿ,” ಎನ್ನುತ್ತಾ ಅಧಿಕಾರಿ ಪ್ರವೀಣಕುಮಾರ್ ಸದ್ದಿನ ಮಾಪಕವನ್ನು ಮಡಚತೊಡಗಿದರು. “ಅಳೆಯೋವಾಗ ಸುತ್ತ ಗದ್ದಲ ಇರಬಾರ್ದು ಅಂತ ಅಂತಾರಾಷ್ಟ್ರೀಯ ನಿಯಮ ಐತಿ. ಇಲ್ಲಿ ಡ್ರೋನಿಗಿಂತ ನಿಮ್ಮೂರಿನ ಸದ್ದೇ ಜಾಸ್ತಿ.”

ಇವತ್ತು ಸದ್ದಿನ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಈ ಹಂಗಾಮಿನಲ್ಲಿ ಶೃತಿಯ ಡ್ರೋನು ಯಾರ ಮೆಕ್ಕೆಜೋಳಕ್ಕೂ ಔಷಧಿ ಹೊಡೆಯುವಂತಿರಲಿಲ್ಲ. ಅವಳಿಗೆ ಧೈರ್ಯ ತುಂಬಲೆಂದೇ ಹೊಲಕ್ಕೆ ಬಂದಿದ್ದ ಅರ್ಧ ಅರಸೀಕೆರೆ ಊರು, “ಸುಮ್ನಿರ್ರಲೇ!” ಎಂದು ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತಿತ್ತು.

ಅವಳ ಮಾವ ಪಾಲಾಕ್ಷಪ್ಪ ಟ್ರ್ಯಾಕ್ಟರ್ ಏರಿ, ಮೈಲಾರದ ಜಾತ್ರೆಯ ಕಾರಣಿಕದಲ್ಲಿ ಭವಿಷ್ಯ ನುಡಿಯುವ ಮುನ್ನ ಬಿಲ್ಲೇರಿ ಜನರನ್ನು ಸುಮ್ಮನಾಗಿಸುವ ಗೊರವಯ್ಯನಂತೆ ಕೈಯೆತ್ತಿ ಗರ್ಜಿಸಿದ: “ಸದ್ದಲೇ!”

ಹೊಲವೆಲ್ಲ ಗಪ್ಪಾಯಿತು. ಅಧಿಕಾರಿ ಮಾಪಕವನ್ನು ಮತ್ತೆ ಬಿಚ್ಚಿದರು. ಶೃತಿ ಡ್ರೋನು ಹಾರಿಸಿ ಇಳಿಸುವವರೆಗೂ ಯಾರೂ ಕೆಮ್ಮಲಿಲ್ಲ. ಇಳಿದ ಮೇಲೂ ಜನ ದೇವವಾಣಿಗೆ ಕಾದವರಂತೆ ಅಧಿಕಾರಿಯ ಬಾಯನ್ನೇ ನೋಡುತ್ತಿದ್ದರು.

ಪ್ರವೀಣಕುಮಾರ್ ಮಾಪಕ ನೋಡಿ ಪಿಸುಗುಟ್ಟಿದರು, “ಪಾಸು.”

“ಪರಾಕ್!” ಎಂದು ಕಾರಣಿಕ ಮುಗಿಸಿತು ಅರಸೀಕೆರೆ.