ಬೀಸುಕಲ್ಲಿನ ಹಿಟ್ಟು

ಎಳ್ಳ ಅಮಾವಾಸ್ಯೆ ಮುಗಿದು ನಾಲ್ಕು ದಿನ. ಮುಂಬೈಗೆ ವರ್ಷಕ್ಕೊಮ್ಮೆ ಬರುವ ತೆಳ್ಳನೆಯ ಚಳಿ ಬಾಂದ್ರಾದ ಮೈದಾನದಲ್ಲಿ ಬೆಳಗಿನ ಹತ್ತಕ್ಕೇ ಕರಗಿತ್ತು. ಕಸ್ತೂರಿಬಾಯಿ ಆಗಲೇ ಮೂವತ್ತು ರೊಟ್ಟಿ ಬಡಿದಿದ್ದಳು. ಆಹಾರ ಮೇಳದ ಈ ಸಾಲಿಗೆ ಗೋಧಿ ಬರುವಂತಿಲ್ಲ. ಪ್ರತಿ ಮಳಿಗೆಯ ಮೇಲೂ ‘ಗ್ಲುಟೆನ್ ಫ್ರೀ’ ಎಂಬ ಹಸಿರು ಬೋರ್ಡು. ತಮ್ಮದರ ಕೆಳಗೆ ಮಗಳು ಸೋನಾಲಿ ಇನ್ನೊಂದು ಸಾಲು ಬರೆಸಿದ್ದಳು: ‘ನಮ್ಮ ಮನೆಯ ಬೀಸುಕಲ್ಲಿನ ಜೋಳದ ಹಿಟ್ಟು.’

ಹೋದ ವಾರದ ತನಕ ಅದು ನಿಜವೇ ಆಗಿತ್ತು. ಕಲಬುರಗಿಯಿಂದ ಹೊತ್ತು ತಂದ ಕಲ್ಲನ್ನು ಕಸ್ತೂರಿಬಾಯಿ ಸಯನ್‌ನ ಒಂದೂವರೆ ಕೋಣೆಯಲ್ಲಿ ದಿನಾ ತಿರುವುತ್ತಿದ್ದಳು. ಈ ವಾರ ಭುಜ ಹಿಡಿದುಕೊಂಡಿತು. ರೊಟ್ಟಿ ಬಡಿಯಲು ಬರುತ್ತಿತ್ತು, ಬೀಸಲು ಆಗಲಿಲ್ಲ. ಸೋನಾಲಿ ಬೈಕುಲ್ಲಾದ ಪೇಟೆಯಿಂದ ಒಂದು ಚೀಲ ಹಿಟ್ಟು ತರಿಸಿದಳು. ಬೋರ್ಡು ಬದಲಿಸಲಿಲ್ಲ.

“ಹಿಟ್ಟಿನ್ಯಾಗ ಜಿಗಿ ಚಲೋ ಅದ,” ಎಂದಳು ಕಸ್ತೂರಿಬಾಯಿ. “ಎಸರು ಕಮ್ಮಿ ಬಿದ್ರೂ ಒಂದು ರೊಟ್ಟಿ ಹರಿದಿಲ್ಲ ನೋಡು. ನಿನ್ನ ಸುಳ್ಳಿಗಿ ದೇವ್ರೇ ಖುಷಿ ಆದಂಗ ಕಾಣ್ತದ.”

“ಅವ್ವಾ, ಧೀರೇ ಬೋಲ್,” ಸೋನಾಲಿ ಪಿಸುಗುಟ್ಟಿದಳು.

ಪಕ್ಕದ ಮಳಿಗೆಯಲ್ಲಿ ರಾಗಿ ಬಿಸ್ಕತ್ತು ಮಾರುತ್ತಿದ್ದ ಉಡುಪಿಯ ಹಿತೇಶ್ ಕತ್ತು ಚಾಚಿದ. “ಅಲ್ಲಿ ನೋಡು ಮಾರಾಯ್ತಿ, ಟಾರ್ಚ್ ಹಿಡ್ಕೊಂಡವರು. ಇನ್‌ಸ್ಪೆಕ್ಟರೇ ಇರ್ಬೇಕು. ಬೋರ್ಡಲ್ಲಿ ಸುಳ್ಳು ಬರೆದದ್ದಕ್ಕೆ ನಿನ್ನೆ ಒಬ್ಬರ ಸ್ಟಾಲ್ ಎತ್ತಿಸಿದ್ರು.”

ಸಾಲಿನ ತುದಿಯಲ್ಲಿ ಐವತ್ತು ದಾಟಿದ ಒಬ್ಬ ಮನುಷ್ಯ. ಟೋಪಿಯ ಅಂಚಿನ ಕೂದಲು ಕಪ್ಪು, ಹುಬ್ಬು ಮಾತ್ರ ಬೆಳ್ಳಗೆ. ಬಾಳೆಕಾಯಿ ಹಿಟ್ಟಿನ ಶ್ಯಾವಿಗೆ, ಸಾಮೆಯ ಇಡ್ಲಿ, ಅಕ್ಕಿ ಬ್ರೆಡ್ಡು, ಯಾವುದರ ಕಡೆಗೂ ಅವನು ನೋಡಲಿಲ್ಲ. ಜೋಳ ಎಂದು ಕಂಡಲ್ಲಿ ನಿಂತ. ಬಗ್ಗಿ ಮೇಜಿನ ಅಡಿಗೆ ಟಾರ್ಚು ಬಿಟ್ಟ. ಚಿಟಿಕೆ ಹಿಟ್ಟು ತೆಗೆದು ಹೆಬ್ಬೆರಳಿನಿಂದ ತೋರುಬೆರಳ ಮೇಲೆ ಉಜ್ಜಿದ. ತಲೆಯಾಡಿಸಿ ಮುಂದೆ ಹೋದ.

ಸೋನಾಲಿ ತಲೆಯೆತ್ತಿ ತಮ್ಮ ಬೋರ್ಡು ನೋಡಿದಳು. ಸಂಜೆ ಐದಕ್ಕೆ ಅಂಧೇರಿಯ ದೊಡ್ಡ ಅಂಗಡಿಯವರು ಬಂದು ತಿಂಗಳಿಗೆ ಸಾವಿರ ರೊಟ್ಟಿಯ ಮಾತು ಮುಗಿಸುವವರಿದ್ದರು. ಮಳಿಗೆಯೇ ಇಲ್ಲದಿದ್ದರೆ ಯಾರೊಡನೆ ಮಾತು? ಚೀಲದ ಬಾಯಿಗೆ ಬಿಚ್ಚಿದ ಕೆಂಪು ದಾರ ಇನ್ನೂ ನೇತಾಡುತ್ತಿತ್ತು. ಕಾಲಿನಿಂದ ಚೀಲವನ್ನು ಮೇಜಿನಡಿ ಒಳಕ್ಕೆ ತಳ್ಳಿ, ಮೇಲೆ ಚಾದರ ಹೊದಿಸಿದಳು.

“ರೊಟ್ಟಿ ಬಿಸಿ ಇದೆಯಾ?”

ಬೆಚ್ಚಿ ಎದ್ದಳು. ಎದುರಿಗೆ ಒಬ್ಬ ಹೆಂಗಸು, ಅವಳ ಕೈ ಹಿಡಿದು ಏಳೆಂಟು ವರ್ಷದ ತೆಳ್ಳಗಿನ ಹುಡುಗಿ.

“ನಿಶ್ಮಿತಾಗೆ ಗೋಧಿ ಆಗೋದಿಲ್ಲ. ಒಂದು ಚೂರು ಹೊಟ್ಟೆಗೆ ಹೋದ್ರೂ ಆಸ್ಪತ್ರೆಯೇ. ಹೊರಗೆ ಏನೂ ಕೊಡುವುದಿಲ್ಲ ನಾನು. ಬೀಸುಕಲ್ಲು ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಧೈರ್ಯ ಬಂತು.”

“ಕೂತ್ಕೊಳ್ರಿ,” ಎಂದಳು ಸೋನಾಲಿ. ಕಣ್ಣು ಟಾರ್ಚಿನ ಮೇಲೇ ಇತ್ತು. ತಟ್ಟೆಗೆ ಎರಡು ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿ. ತಾಯಿ ಮಗಳು ಎದುರಿನ ಬೆಂಚಿಗೆ ಹೋದರು.

ಅಷ್ಟರಲ್ಲಿ ಟಾರ್ಚಿನವನು ಬಂದೇಬಿಟ್ಟಿದ್ದ. ಕಸ್ತೂರಿಬಾಯಿಯ ಕೈಯ ಸದ್ದು ಕೇಳುತ್ತ ಅರೆಕ್ಷಣ ನಿಂತ.

“ಯಾವ ಕಡೆಯವ್ರು ಅಕ್ಕೋರೆ?” ಕಿವಿ ಮಂದವಾದವರ ಹಾಗೆ ಜೋರು ದನಿ.

“ಕಲಬುರಗಿ ಕಡೆಯವ್ರು.”

“ನಾನೂ ಅಲ್ಲಿಯವನೇ. ಹಿಟ್ಟು ಯಾವ ಗಿರಣಿದು?”

ಕಸ್ತೂರಿಬಾಯಿ ಬಾಯಿ ತೆರೆಯುವ ಮೊದಲೇ ಸೋನಾಲಿ ನಡುವೆ ಬಂದಳು. “ಗಿರಣಿದಲ್ಲ ಕಾಕಾ. ಮನಿ ಬೀಸುಕಲ್ಲಿಂದು. ಬೋರ್ಡ್ ಓದ್ರಿ.”

“ಪ್ಯಾಟಿಯಿಂದ ಒಂದು ಮುಷ್ಟೀನೂ ತಂದಿಲ್ಲ?”

“ಇಲ್ರಿ.”

“ಆಣಿ ಮಾಡು ಯವ್ವಾ.”

“ಆಣಿ.”

ಪ್ರದರ್ಶನಕ್ಕೆಂದು ಮೇಜಿನ ಮೇಲಿಟ್ಟಿದ್ದ ಡಬ್ಬಿಯಲ್ಲಿ ಹೋದ ವಾರದ ಮನೆಯ ಹಿಟ್ಟು ಒಂದಿಷ್ಟು ಉಳಿದಿತ್ತು. ಸೋನಾಲಿ ಅದರ ಮುಚ್ಚಳ ತೆಗೆದು ಮುಂದೆ ಹಿಡಿದಳು. ಅವನು ಚಿಟಿಕೆ ತೆಗೆದು ಉಜ್ಜಿದ. ಒಮ್ಮೆ, ಇನ್ನೊಮ್ಮೆ.

“ಖರೇ ಅದ. ಕೈಲೆ ಬೀಸಿದ್ದೇ.” ಉಸಿರು ಬಿಟ್ಟ. ಬೆಂಚಿನತ್ತ ನೋಡಿದ. “ಆ ಕೂಸಿಗಿ ಇಲ್ಲಿದೇ ಕೊಟ್ಟೀರೇನು?”

“ಹೌದ್ರಿ. ಅದಕ್ಕ ಗೋಧಿ ಆಗಂಗಿಲ್ಲಂತ.”

“ಚಲೋ ಆತು. ನಿಮ್ಮ ಕಡೀಗೇ ಬಂತು.”

ಕಸ್ತೂರಿಬಾಯಿ ಸೋನಾಲಿಯ ಕಡೆ ನೋಡಲೇ ಇಲ್ಲ. ತಟ್ಟುವ ಕೈ ನಿಂತಿತ್ತು. ಟಾರ್ಚು ಆರಿದ್ದೇ ಸೋನಾಲಿಗೆ ಮೈ ಹಗುರವಾಯಿತು. ಸ್ಟೂಲು ಎಳೆದು ಕೂರಿಸಿದಳು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. ಅವನು ಟೋಪಿ ತೆಗೆದು ಮುಖ ಒರೆಸಿಕೊಂಡ. ಒಂದು ಹುಬ್ಬು ಕಪ್ಪಾಯಿತು. ಅವಳು ಅದನ್ನು ಗಮನಿಸಲಿಲ್ಲ.

“ಇಷ್ಟು ಕಾಡ್ತೀರಲ್ಲ ಕಾಕಾ,” ಈಗ ನಗಲು ಧೈರ್ಯ ಬಂದಿತ್ತು. “ಯಾವ ಆಫೀಸಿನವ್ರು ನೀವು?”

“ಆಫೀಸ್ ಎಲ್ಲಿದು ಯವ್ವಾ.” ಅವನು ಮೊದಲ ಸಲ ದನಿ ತಗ್ಗಿಸಿದ. “ಬಂಡೆಪ್ಪ ಅಂತ. ಬೈಕುಲ್ಲಾದಾಗ ಹಿಟ್ಟಿನ ಗಿರಣಿ ಅದ ನಂದು. ಸೋಮವಾರ ಗೋಧಿ ಪೂರಾ ಇಳಿಯೂಕಿಂತ ಮದ್ಲ ಮ್ಯಾಲ ಜ್ವಾಳ ಸುರುವಿಬಿಟ್ಟೆ. ಕಲ್ಲೂ ಝಾಡಿಸಲಿಲ್ಲ. ಒಂದೇ ಚೀಲ. ಪ್ಯಾಟಿ ಅಂಗಡ್ಯಾಂವ ಅದನ್ನ ಈ ಮ್ಯಾಳದವ್ರಿಗೇ ಯಾರಿಗೋ ಮಾರ್ಯಾನ, ಹೆಸರು ನೆಪ್ಪಿಲ್ಲಂತಾನ. ಒದರಿ ಹೇಳಿದ್ರ ಇಲ್ಲಿದ್ದ ಎಲ್ಲಾರ ಹೊಟ್ಟಿ ಮ್ಯಾಲ ಹೊಡದಂಗ ಆಗ್ತದ. ಅದಕ್ಕ ಚೀಲಾನೇ ಹುಡುಕ್ಲಕತ್ತೀನಿ. ಅದರ ಬಾಯಿ ಕೆಂಪು ದಾರದಾಗ ಹೊಲದೀನಿ.”

ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಯಾರೂ ಅದನ್ನು ತಿರುವಲಿಲ್ಲ.

“ಆಂಟಿ,” ಬೆಂಚಿನಿಂದ ನಿಶ್ಮಿತಾ ಖಾಲಿ ತಟ್ಟೆ ಎತ್ತಿ ತೋರಿಸಿದಳು, “ಔರ್ ಏಕ್ ಮಿಲೇಗಾ?”