ಹೊಳೆಯ ನಡುವೆ ನಿಂತ ಮೋಟಾರು

ಹೆಣ್ಣು ನೋಡಲು ಹೊರಟ ದಾಮೋದರನಿಗೂ ಅವನ ಸೋದರಮಾವನಿಗೂ ಆಚೆ ದಡಕ್ಕೆ ಹೋಗಲು ಸಿಕ್ಕಿದ್ದು ಅದೊಂದೇ ದೋಣಿ. ಬಿಸಿಲಿಗೆ ತಲೆತುಂಬ ಟವೆಲ್ ಸುತ್ತಿಕೊಂಡ ಹುಡುಗಿಯೊಬ್ಬಳು ಅದನ್ನು ನಡೆಸುತ್ತಿದ್ದಳು. ಹೊಳೆಯ ನಡುವೆ ಹಳೇ ಮೋಟಾರು ಎರಡು ಸಲ ಕೆಮ್ಮಿ ನಿಂತೇಹೋಯಿತು.

ಹುಡುಗಿ ಹಗ್ಗ ಎಳೆದಳು, ಮತ್ತೆ ಎಳೆದಳು. ಮೋಟಾರು ಜಪ್ಪಯ್ಯ ಅನ್ನಲಿಲ್ಲ. ದೋಣಿ ಮೆಲ್ಲಗೆ ಕಡಲಿನತ್ತ ತೇಲತೊಡಗಿತು.

“ನಮ್ಮ ಹುಡುಗ ಎಂಥಾ ಮೆಷೀನಾದ್ರೂ ರಿಪೇರಿ ಮಾಡ್ತಾನೆ,” ಎಂದ ಮಾವ.

“ಹಾಗಂತ ಎಲ್ಲರೂ ಹೇಳ್ತಾರೆ,” ಎಂದಳು ಹುಡುಗಿ.

ದಾಮೋದರನಿಗೆ ರೋಷ ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮಡಚಿದ. ಪ್ಲಗ್ ಬಿಚ್ಚಿ ಒರೆಸಿದ. ಕಿಡಿ ಚೆನ್ನಾಗಿಯೇ ಹಾರಿತು. ಪೆಟ್ರೋಲಿನ ಪೈಪು ಕಳಚಿ ಊದಿದ, ಕಸ ಇರಲಿಲ್ಲ. ಅಷ್ಟರಲ್ಲಿ ಅಂಗಿಯ ಎದೆಭಾಗವೆಲ್ಲ ಕಪ್ಪಾಗಿತ್ತು.

“ಈ ಅವತಾರಕ್ಕೆ ಯಾರು ಹೆಣ್ಣು ಕೊಡ್ತಾರೆ ಮಾರಾಯ,” ಎಂದು ಮಾವ ಹಣೆ ಒತ್ತಿಕೊಂಡ. ಹುಡುಗಿ ಹಲಗೆಯ ಮೇಲೆ ಕೂತು ದಾಮೋದರನ ಕೈಗಳನ್ನೇ ನೋಡುತ್ತಿದ್ದಳು.

ಕೊನೆಗೆ ಅವನ ಬೆರಳು ಟ್ಯಾಂಕಿನ ಮುಚ್ಚಳದ ಪುಟ್ಟ ತಿರುಪಿಗೆ ತಾಗಿತು. “ಗಾಳಿ ಹೋಗೋ ದಾರೀನೇ ಮುಚ್ಚಿದೆ. ಗಾಳಿ ಇಲ್ದೆ ಪೆಟ್ರೋಲ್ ಬರೋದು ಹೇಗೆ?” ತಿರುಪು ಸಡಿಲಿಸಿ, ಒಂದು ನಿಮಿಷ ಬಿಟ್ಟು ಹಗ್ಗ ಎಳೆದ. ಮೋಟಾರು ಗುಡುಗುಟ್ಟುತ್ತಾ ಎದ್ದಿತು.

ದಡ ಮುಟ್ಟಿ ಮಾವ ಮೊದಲು ಇಳಿದಾಗ ಹುಡುಗಿ ತಗ್ಗಿದ ದನಿಯಲ್ಲಿ ಹೇಳಿದಳು: “ಆ ತಿರುಪು ಮುಚ್ಚಿದ್ದು ನಾನೇ, ಇನ್ನು ಸ್ವಲ್ಪ ಹೊತ್ತಿಗೆ ಚಹಾ ತಂದುಕೊಡುವಾಗ ನನ್ನನ್ನ ಮೊದಲ ಸಲ ನೋಡಿದ ಹಾಗೆ ಇರಿ, ಅಪ್ಪನಿಗೆ ಗೊತ್ತಾದ್ರೆ ಬೈತಾರೆ.”